ಅಳತೆ ತಪ್ಪಿದ ಯೋಚನೆ

ನಿಮ್ಮ ಅಂಗಾಲಿಗೆ ನೀವೇ ಕಚಗುಳಿ ಇಟ್ಟು ನೋಡಿ. ನಗು ಬರುವುದಿಲ್ಲ. ಬೆರಳು ಎಲ್ಲಿ, ಯಾವಾಗ ತಾಗುತ್ತದೆ ಎಂಬುದನ್ನು ತಲೆಯ ಹಿಂಬದಿಯಲ್ಲಿ, ಕತ್ತಿನ ಮೇಲೆ ಕೂತ ಕಿರುಮೆದುಳು ಮೊದಲೇ ಲೆಕ್ಕ ಹಾಕಿರುತ್ತದೆ; ‘ನನ್ನದೇ ಕೈ’ ಎಂದು ಗೊತ್ತಾದ ಮೇಲೆ ಕಚಗುಳಿಗೆ ಸೊಕ್ಕೆಲ್ಲಿ? 1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್‌ನಲ್ಲಿ ಇದನ್ನು ಕಂಡರು. ಎರಡು ವರ್ಷದ ನಂತರ, ಕಿವಿಯಲ್ಲಿ ಮಾತು ಕೇಳುತ್ತದೆ, ಯಾರೋ ನನ್ನನ್ನು ಆಡಿಸುತ್ತಾರೆ ಎನ್ನುವ ರೋಗಿಗಳಲ್ಲಿ ಪರೀಕ್ಷಿಸಿದಾಗ, ತಮ್ಮ ಕೈಯ ಕಚಗುಳಿಯೂ ಪರರ ಕೈಯದಷ್ಟೇ ಅವರನ್ನು ಕಾಡಿತು. ತನ್ನದು ತನ್ನದೆಂದು ತಿಳಿಯದಿದ್ದರೆ ತನ್ನ ಯೋಚನೆಯೂ ಬೇರೆಯವರ ದನಿಯಾಗಿ ಕೇಳೀತು.

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆ ಹುಡುಗನೊಬ್ಬ ‘ಕಿವ್ಯಾಗ ಯಾರೋ ಮಾತಾಡ್ತಾರ’ ಎಂದರೆ ಮನೆಯಲ್ಲಿ ಮೊದಲು ಬರುವ ಮಾತು, ‘ಗಾಳಿ ಸೋಕೈತಿ’. ತಾಯತ, ಹುಣ್ಣಿವೆಗೆ ಹುಲಿಗೆಮ್ಮನ ಗುಡಿ. ದೇವಿಗೆ ನಡೆದುಕೊಂಡರೆ ತಪ್ಪೇನಿಲ್ಲ, ಗುಳಿಗೆಯೂ ಜೊತೆಗಿರಲಿ. ನನ್ನ ಚಿಂತೆ ಬೇರೆ. ದನಿ ಕೇಳುವವನಿಗಾಗಿ ನಾಲ್ಕು ಜನ ಓಡಾಡುತ್ತಾರೆ. ಮಾತು ಬಿಟ್ಟು, ಸ್ನಾನ ಬಿಟ್ಟು, ಬಿತ್ತನೆ ಹೊತ್ತಿನಲ್ಲೂ ಮೂಲೆ ಹಿಡಿದು ಕೂತವನಿಗೆ ಸಿಗುವ ಹೆಸರು ಒಂದೇ: ಮೈಗಳ್ಳ. ಹೀಗೆ ದನಿ ಕೇಳಿಸುವ ಸ್ಕಿಜೋಫ್ರೇನಿಯಾದಲ್ಲಿ ಈ ಮಂಕುತನವೂ ಕಾಯಿಲೆಯೇ. ದನಿಗಳಿಗೆ ನಾಟುವಷ್ಟು ಗುಳಿಗೆ ಇದಕ್ಕೆ ನಾಟುವುದಿಲ್ಲ.

ಕಿನ್ನಾಳದ ಚಿತ್ರಗಾರ ಗೊಂಬೆಗೆ ಕಣ್ಣು ಬರೆಯುವುದನ್ನು ನೋಡಿದ್ದೀರಾ? ಕಪ್ಪು ಗೆರೆ ರೆಪ್ಪೆಯ ತುದಿಗೆ ಬಂದು ಗಕ್ಕನೆ ನಿಲ್ಲುತ್ತದೆ, ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ. ಆ ಹದ ಕಾಯುವುದು ಕಿರುಮೆದುಳು. ಅದಕ್ಕೆ ಪೆಟ್ಟಾದರೆ ಚಹಾ ಲೋಟಕ್ಕೆ ಚಾಚಿದ ಕೈ ಲೋಟ ದಾಟಿ ಹೋಗುತ್ತದೆ. ವೈದ್ಯರು ಇದಕ್ಕೆ ಡಿಸ್ಮೆಟ್ರಿಯಾ, ಅಂದರೆ ಅಳತೆ ತಪ್ಪುವುದು ಎನ್ನುತ್ತಾರೆ. ಕೈ ಅಳತೆ ತಪ್ಪುವಂತೆ ಯೋಚನೆಯೂ ತಪ್ಪಬಾರದೇಕೆ ಎಂದು 1990ರ ದಶಕದಲ್ಲಿ ಕೇಳಿದವರು ಅಮೆರಿಕದ ಅಯೋವಾದ ನ್ಯಾನ್ಸಿ ಆಂಡ್ರಿಯಾಸೆನ್. ಮೆದುಳಿನ ಮುಂಭಾಗವಾದ ಮುಂದಲೆ, ಒಳಗಿನ ಥಲಾಮಸ್, ಕಿರುಮೆದುಳುಗಳ ನಡುವಿನ ಸುತ್ತುದಾರಿ ಕೆಟ್ಟರೆ ಮಾತು, ಭಾವನೆ, ನೆನಪು ಒಂದಕ್ಕೊಂದು ತಾಳ ಕೊಡುವುದಿಲ್ಲ ಎಂಬುದು ಅವರ ವಾದ. ಕಿರುಮೆದುಳೆಂದು ಹಗುರವಾಗಿ ಕರೆದವರು ನಾವು. ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಅದರಲ್ಲೇ ಇವೆ.

2019ರಲ್ಲಿ ಬಾಸ್ಟನ್ನಿನ ರಾಸ್ಕೋ ಬ್ರೇಡಿ ತಂಡ ಇಂಥ ರೋಗಿಗಳ ಕಿರುಮೆದುಳಿನ ನಡುಭಾಗಕ್ಕೆ ತಲೆಯ ಹೊರಗಿನಿಂದಲೇ ಕಾಂತೀಯ ಮಿಡಿತ ಕೊಟ್ಟು, ಮುಂದಲೆಯೊಂದಿಗಿನ ಸಂಪರ್ಕ ಚೇತರಿಸಿದ್ದನ್ನೂ ಮಂಕು ಇಳಿದದ್ದನ್ನೂ ವರದಿ ಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಇಂಥ ಚಿಕಿತ್ಸೆಯನ್ನು ನೈಜ, ತೋರಿಕೆ ಎಂದು ಎರಡು ಬಗೆಯಲ್ಲಿ ಕೊಟ್ಟು ಹೋಲಿಸಿದರು. ಸಂಪರ್ಕ ಬಲಗೊಂಡಿತು, ರೋಗಲಕ್ಷಣ ಇಳಿಯುವುದರಲ್ಲಿ ಮಾತ್ರ ತೋರಿಕೆಯದನ್ನು ಮೀರಿದ ಲಾಭ ಕಾಣಲಿಲ್ಲ. ಆಸೆ ಹುಟ್ಟಿಸುವ ಸುದ್ದಿಗಿಂತ ಈ ಪ್ರಾಮಾಣಿಕ ಫಲಿತಾಂಶವೇ ನನಗೆ ಹೆಚ್ಚು.

ಕೊಪ್ಪಳದಿಂದ ನಿಮ್ಹಾನ್ಸ್ ಎಂದರೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಇಡೀ ರಾತ್ರಿ. ಆದರೆ ಮನೋರೋಗಕ್ಕೆ ಊರಲ್ಲೇ ಔಷಧಿ ಕೊಡುವ ಪಾಠ ಹುಟ್ಟಿದ್ದು ತುಂಗಭದ್ರೆಯ ಆಚೆ ದಡದಲ್ಲೇ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ಕೊಟ್ಟಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. 2014ರಿಂದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಶಿಬಿರಗಳು ಶುರುವಾದವು. ಈಗ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು.

ಗುಳಿಗೆ ಹಿಡಿಸಿ ದನಿಗಳು ತಣ್ಣಗಾದ ಮೇಲೂ ಮನೆಯವರ ಬಾಯಲ್ಲಿ ಉಳಿಯುವ ಪ್ರಶ್ನೆ ಒಂದೇ: ‘ನಟ್ಟು ಹಚ್ಚಾಕ ಯಾವಾಗ ಹೊಕ್ಕಾನ್ರಿ ಇವ?’ ಗಂಗಾವತಿಯ ಗದ್ದೆಯಲ್ಲಿ ಸಾಲಾಗಿ ಬಗ್ಗಿ, ತಾಳ ತಪ್ಪದೆ ಸಸಿ ಊರುವ ಆ ಕೆಲಸಕ್ಕೆ ಬೇಕಾದ ಹದವೂ ಅದೇ ಕಿರುಮೆದುಳಿನದು. ವೈದ್ಯರು ಚೀಟಿಯಲ್ಲಿ ಮುಂದಿನ ತಿಂಗಳ ತಾರೀಖು ಬರೆಯುತ್ತಾರೆ.