ಮೊರೇರ ಗುಡ್ಡದ ಕಲ್ಲುಮನೆಗಳು

ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಇದೆ. ಊರಿಗೆ ಹತ್ತಿಕೊಂಡೇ ಗುಂಡುಗಲ್ಲುಗಳನ್ನು ಪೇರಿಸಿಟ್ಟಂಥ ಗುಡ್ಡಸಾಲು. ಅದರ ನೆತ್ತಿಯಲ್ಲಿರುವುದು ಸತ್ತವರಿಗಾಗಿ ಕಟ್ಟಿದ ಊರು: ಸುಮಾರು 400 ಬೃಹತ್ ಶಿಲಾ ಸಮಾಧಿಗಳು. ಇವು ಕ್ರಿ.ಪೂ. 800ರಿಂದ 200ರ ನಡುವಿನವು, ಅಂದರೆ ಕಬ್ಬಿಣ ಯುಗದವು ಎಂಬುದು ವಿದ್ವಾಂಸರ ಲೆಕ್ಕ.

ಮೇಲಕ್ಕೆ ಹೋಗುವುದು ಕುರುಚಲು ಗಿಡ, ಬಂಡೆಗಳ ನಡುವಿನ ಕಾಲುದಾರಿ. ದಾರಿ ತಪ್ಪುವುದು ಸುಲಭ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ನೀರು ಕೈಯಲ್ಲೇ ಇರಬೇಕು. ಬೇಸಿಗೆಯ ಮಧ್ಯಾಹ್ನ ಹತ್ತುವ ಸಾಹಸವಂತೂ ಬೇಡ. ಗುಡ್ಡದ ಕಲ್ಲಾಸರೆಗಳಲ್ಲಿ ಬೇಟೆಯಾಡುವ, ಕುಣಿಯುವ, ಆಯುಧ ಹಿಡಿದ ಮನುಷ್ಯರ ಕೆಂಪು ಚಿತ್ರಗಳಿವೆ. ಆತುರದಲ್ಲಿ ಹತ್ತುವವರ ಕಣ್ಣಿಗೆ ಅವು ಬೀಳುವುದಿಲ್ಲ.

ನೆತ್ತಿಯ ಬಯಲಿನಲ್ಲಿ ಕಲ್ಲುಮನೆಗಳು ಬೀದಿಯಂತೆ ಎದುರಾಗುತ್ತವೆ. ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳೇ ಗೋಡೆ, ಮೇಲೆ ಅಡ್ಡಲಾಗಿ ಹೇರಿದ ಹಾಸುಗಲ್ಲೇ ಚಾವಣಿ. ಕೆಲವು ಮೊಣಕಾಲೆತ್ತರವೂ ಇಲ್ಲ. ದೊಡ್ಡವು ಆಳೆತ್ತರವನ್ನೂ ಮೀರಿ ಸುಮಾರು 3 ಮೀಟರ್ ಮುಟ್ಟುತ್ತವೆ. ಎಷ್ಟೋ ಗೋಡೆಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಗಾರೆಯಿಲ್ಲ, ಬೆಸುಗೆಯಿಲ್ಲ, ಭಾರವೇ ಎಲ್ಲವನ್ನೂ ಹಿಡಿದು ನಿಲ್ಲಿಸಿದೆ. ಇಷ್ಟು ಚಪ್ಪಡಿ ಬಂದದ್ದು ಈ ಗುಡ್ಡದಿಂದಲೇ. ಇಲ್ಲಿಯ ಗ್ರಾನೈಟ್ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುವ ಗುಣದ್ದು. ಬಿರುಕು ನೋಡಿ ಎಬ್ಬಿಸಿ, ಅಂಚು ತಟ್ಟಿದರೆ ಗೋಡೆ ಸಿದ್ಧ. ಸಮಾಧಿಗಳ ನಡುವಿನ ಕೊಳವೂ ಹೀಗೆ ಕಲ್ಲು ತೆಗೆದ ಜಾಗವೇ.

ಒಳಗೆ ಏನಿರುತ್ತಿತ್ತು ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಸುಳಿವು ಕೊಡುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ, ಕಿಂಡಿಯುಳ್ಳ ಇಂಥದೇ ಕಲ್ಲುಕೋಣೆಗಳಲ್ಲಿ ಮೂಳೆಗಳ ಜೊತೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನುಗಳು ಸಿಕ್ಕವು. ಹೆಣವನ್ನು ಬೇರೆಡೆ ಇಟ್ಟು, ಆಮೇಲೆ ಆಯ್ದ ಮೂಳೆಗಳನ್ನಷ್ಟೇ ತಂದು ಸೇರಿಸುವ ಪದ್ಧತಿ ಆ ಕಾಲಕ್ಕಿತ್ತು.

ಸಮಾಧಿಗಳಷ್ಟೇ ಪ್ರಸಿದ್ಧವಾದದ್ದು ಇಲ್ಲಿಯ ಕಲ್ಲಿನ ನಗಾರಿ. ಎತ್ತರದ ಬಂಡೆಯೊಂದರ ಮೇಲೆ ಕೂತ ಅರ್ಧಗೋಳದ ಈ ಕಲ್ಲನ್ನು ಮರದ ಕೊಡತಿಯಿಂದ ಬಡಿದರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ ಎನ್ನುತ್ತಾರೆ. ಸಾವಿನ ಸುದ್ದಿಗೋ, ವಿಧಿಗಳಿಗೋ, ಅಪಾಯದ ಸೂಚನೆಗೋ ಬಡಿಯುತ್ತಿದ್ದಿರಬಹುದು, ಊಹೆಗೆ ಬರವಿಲ್ಲ.

ಸುತ್ತಲಿನವರಿಗೆ ಇದು ಮೊರೇರ ಗುಡ್ಡ. ಮೊರೇರು ಎಂಬ ಕುಳ್ಳ ಜನ ಈ ಮನೆಗಳಲ್ಲಿ ಬಾಳಿದರೆಂಬುದು ಐತಿಹ್ಯ. ಹೆಸರು ಕೇಳಿದೊಡನೆ ಮೌರ್ಯರ ನೆನಪಾಗುವುದು ಸಹಜ. ಇದೇ ಜಿಲ್ಲೆಯ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳೂ ಇವೆ. ಆದರೆ ಇಲ್ಲಿಯ ಹಳೆಯ ಸಮಾಧಿಗಳು ಎದ್ದಾಗ ಮೌರ್ಯ ಸಾಮ್ರಾಜ್ಯ ಇನ್ನೂ ಹುಟ್ಟಿರಲಿಲ್ಲ.

ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1835ರಲ್ಲಿ ಈ ನೆಲೆಯನ್ನು ಗುರುತಿಸಿದ. 2021ರಲ್ಲಿ ಇದು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ನಿಧಿಯ ಆಸೆಗೆ ಅಗೆದವರ ದೆಸೆಯಿಂದ ಹಲವು ಕಲ್ಲುಮನೆಗಳು ಕುಸಿದಿವೆ. ಉಳಿದವುಗಳ ಚಾವಣಿಯೂ ಬರಿಯ ಭಾರದ ಮೇಲೆ ನಿಂತಿರುವುದರಿಂದ ಅವುಗಳ ಮೇಲೆ ಹತ್ತುವಂತಿಲ್ಲ.