ಫತ್ವಾ ಯಾರದ್ದು, ಸಹಿ ಯಾರದ್ದು?

ನವಲಗುಂದದ ಒಂದು ಮುಸ್ಲಿಂ ಕುಟುಂಬ ಅಂತ ಇಟ್ಟುಕೊಳ್ಳಿ. ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್‌ಗಾಗಿ ಹುಬ್ಬಳ್ಳಿಗೆ ಓಡಾಟ. ತಂಗಿ, "ನನ್ನದೊಂದು ಕಿಡ್ನಿ ತಗೊಳ್ರಿ" ಅಂತಾಳೆ. ಕೂಡಲೇ ಮನೆಯಲ್ಲಿ ಪ್ರಶ್ನೆ ಏಳುತ್ತೆ: ಇದು ಜಾಯಜಾ? ಅಂದ್ರೆ, ಧರ್ಮ ಒಪ್ಪುತ್ತಾ?

ಯಾರನ್ನ ಕೇಳಬೇಕು? ಸುನ್ನಿ ಮುಸ್ಲಿಮರಿಗೆ ಪೋಪ್ ಥರ ಒಬ್ಬ ಪರಮಗುರು ಇಲ್ಲ. ಸೌದಿಯಲ್ಲಿ ಸರ್ಕಾರವೇ ನೇಮಿಸಿದ ಹಿರಿಯ ಉಲೇಮಾಗಳ ಮಂಡಳಿ ಇದೆ. ಬದುಕಿರುವವರಿಂದಲೂ ಮೃತರಿಂದಲೂ ಅಂಗ ಪಡೆಯಬಹುದು ಅಂತ ಅದು 1982ರಲ್ಲೇ ಹೇಳಿತು. 1988ರಲ್ಲಿ ಜಿದ್ದಾದ ಫಿಕ್ಹ್ ಅಕಾಡೆಮಿಯೂ ಷರತ್ತು ಹಾಕಿ ಒಪ್ಪಿತು. ಆದ್ರೆ ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಭಾರತದಲ್ಲಿ ಅಂಥ ಸರ್ಕಾರಿ ಮಂಡಳಿ ಇಲ್ಲ. ಇಲ್ಲಿನ ವಿದ್ವಾಂಸರು ಕಟ್ಟಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1989ರಲ್ಲಿ ಈ ವಿಷಯ ಚರ್ಚಿಸಿತು. ಬೇರೆ ದಾರಿ ಇಲ್ಲದಿದ್ದಾಗ, ಕೊಡುವವರ ಆರೋಗ್ಯಕ್ಕೆ ಧಕ್ಕೆ ಇಲ್ಲ ಅಂತ ತಜ್ಞ ವೈದ್ಯರು ಹೇಳಿದ್ರೆ, ಸಂಬಂಧಿಕರಿಗೆ ಹಣ ಪಡೆಯದೆ ಕಿಡ್ನಿ ಕೊಡಬಹುದು ಅಂದಿತು. ಸತ್ತ ಮೇಲೆ ಅಂಗ ಕೊಡಿ ಅಂತ ಬರೆದಿಟ್ಟ ಉಯಿಲು ಮಾತ್ರ ಶರೀಅತ್ ಪ್ರಕಾರ ಊರ್ಜಿತವಲ್ಲ ಅಂದಿತು.

ನೋಡಿ, ಒಂದೇ ಧರ್ಮ, ಎರಡು ಉತ್ತರ. ತಂಗಿಯ ಕಿಡ್ನಿಗೆ ಎರಡೂ ಕಡೆ ದಾರಿ ಇದೆ. ಗೊಂದಲ ಇರೋದು ಮರಣಾನಂತರದ ದಾನದಲ್ಲಿ.

ಈಗ ಕಾನೂನು. 1994ರ ಅಂಗಾಂಗ ಕಸಿ ಕಾಯ್ದೆ ದಾನಿಯ ಧರ್ಮ ಕೇಳಲ್ಲ, ಒಪ್ಪಿಗೆ ಕೇಳುತ್ತೆ. ಅಂಗ ಮಾರಾಟ ಅಪರಾಧ. ಈ ವಿಷಯದಲ್ಲಿ ಫತ್ವಾ ಮತ್ತು ಕಾಯ್ದೆ ಒಂದೇ ಮಾತು ಹೇಳ್ತವೆ. ಫತ್ವಾ ಅಂದ್ರೆ ಆಜ್ಞೆಯಲ್ಲ, ಕೇಳಿದ ಪ್ರಶ್ನೆಗೆ ಮುಫ್ತಿ ಕೊಡುವ ಅಭಿಪ್ರಾಯ. ಅದಕ್ಕೆ ಕಾನೂನಿನ ಬಲ ಇಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟ ಮಾಡಿದೆ.

ಹಾಗಂತ ಮೌಲಾನಾ ಮಾತಿಗೆ ಬೆಲೆ ಇಲ್ಲ ಅಂತಲ್ಲ. ಕುಂದಗೋಳ, ಅಣ್ಣಿಗೇರಿಯ ಮನೆಗಳಲ್ಲಿ ಆ ಮಾತು ಮನಸ್ಸಿನ ಭಾರ ಇಳಿಸಬಹುದು, ಏರಿಸಲೂಬಹುದು. ಆದ್ರೆ ಸಮಯ? ಮಿದುಳು ನಿಷ್ಕ್ರಿಯ ಅಂತ ಘೋಷಿಸಲು ನಾಲ್ವರು ವೈದ್ಯರ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡುತ್ತೆ. ಆಮೇಲೆ ಮನೆಯವರ ಕೈಯಲ್ಲಿ ಉಳಿಯೋದು ಕೆಲವೇ ಗಂಟೆ. ಮಗನನ್ನ ಕಳಕೊಂಡ ತಾಯಿ ಆ ಹೊತ್ತಲ್ಲಿ ದೆಹಲಿ ಏನು ಹೇಳಿತು, ಜಿದ್ದಾ ಏನು ಹೇಳಿತು ಅಂತ ಹುಡುಕಬೇಕಾ?

ಆ ಪ್ರಶ್ನೆ ಐಸಿಯು ಬಾಗಿಲಲ್ಲಿ ಕೇಳೋದಲ್ಲ. ಊರಲ್ಲಿ ಎಲ್ಲರೂ ಆರಾಮ ಇದ್ದಾಗ, ವೈದ್ಯರನ್ನೂ ಮೌಲಾನಾರನ್ನೂ ಒಟ್ಟಿಗೆ ಕೂರಿಸಿ ಕೇಳೋದು. ಉತ್ತರ ಹೌದು ಅಂತಲೇ ಬರಬೇಕಿಲ್ಲ. ತಿಳಿದು ಸಹಿ ಮಾಡಲಿ, ತಿಳಿದೇ ಬೇಡ ಅನ್ನಲಿ.