ಬೆಂಗೇರಿಯ ಹೊಲಿಗೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣದಲ್ಲಿ, ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆಂಬುದು ಈ ಸೀಮೆಯ ಜನರಿಗೆಲ್ಲ ಅಭಿಮಾನದ ಸಂಗತಿ. ಆದರೆ ಆ ಧ್ವಜವು ಹೊಲಿಯುವ ಹೆಣ್ಣುಮಕ್ಕಳ ದಿನಚರಿಯಲ್ಲಿ ಏನಾಗಿರುವುದೆಂದು ನಾವು ವಿಚಾರಿಸುವುದು ವಿರಳ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರವನ್ನು ಮುದ್ರಿಸುವುದು, ಹೊಲಿಯುವುದು, ಹಗ್ಗ ಕಟ್ಟುವುದು ಎಂದು ಕೆಲಸವು ಹಂಚಿಹೋಗಿರುವುದರಿಂದ ಒಬ್ಬಾಕೆಯ ಪಾಲಿಗೆ ಬರುವುದು ಒಂದು ತುಣುಕು ಮಾತ್ರ. ಕೇಸರಿಗೆ ಬಿಳಿಯನ್ನೂ ಬಿಳಿಗೆ ಹಸುರನ್ನೂ ಕೂಡಿಸಿದ ಕೈ ಮರುಕ್ಷಣವೇ ಮತ್ತೊಂದು ಕೇಸರಿ ಪಟ್ಟಿಯನ್ನು ಎತ್ತಿಕೊಳ್ಳಬೇಕು.

ಶ್ರಮವಿಭಜನೆಯ ಲಾಭಗಳನ್ನು 1776ರಲ್ಲಿ ಕೊಂಡಾಡಿದ ಆಡಂ ಸ್ಮಿತ್ತನೇ, ಕೆಲವೇ ಸರಳ ಕ್ರಿಯೆಗಳಲ್ಲಿ ಆಯುಷ್ಯವನ್ನು ಸವೆಸುವವನ ಬುದ್ಧಿ ಮಂಕಾಗುವುದೆಂದು ಎಚ್ಚರಿಸಿದ್ದನು. ಯಂತ್ರದ ವೇಗಕ್ಕೆ ದೇಹವನ್ನು ಒಪ್ಪಿಸಿ, ಭೋಂಗಾ ಕೂಗುವವರೆಗೂ ತುಂಡಾದ ಎಳೆಗೆ ಗಂಟು ಹಾಕುತ್ತ ನಿಲ್ಲಬೇಕಾದ ನೂಲಿನ ಗಿರಣಿಯ ಮಟ್ಟಿಗೆ ಆ ಮಾತು ಸತ್ಯವೇ. ಬೆಂಗೇರಿಯ ಕೆಲಸದಲ್ಲಾದರೋ ಪುನರಾವರ್ತನೆ ಅಷ್ಟೇ ಇದ್ದರೂ ಅದರ ಬಗೆ ಬೇರೆಯೆಂದು ನನಗೆ ತೋರುತ್ತದೆ. ಉದ್ದಗಲಗಳ ಪ್ರಮಾಣ ಮೂರಕ್ಕೆ ಎರಡು. ಅಳತೆಗಳು ಒಂಬತ್ತು, ಅಂಗೈಯಗಲದ ಮೇಜಿನ ಧ್ವಜದಿಂದ 21 ಅಡಿ ಉದ್ದ, 14 ಅಡಿ ಅಗಲದ ಮಹಾಧ್ವಜದವರೆಗೆ. ಬಿಳಿಯ ಬಟ್ಟೆಯ ಎರಡೂ ಮುಖಗಳಲ್ಲಿ ಚಕ್ರ ಮೂಡಬೇಕು. ಒಂದು ಮುಖದ 24 ಅರಗಳು ಇನ್ನೊಂದು ಮುಖದ ಅರಗಳ ಮೇಲೆಯೇ ಕೂಡಬೇಕು. ಕೈಯಿಂದ ನೂತ ನೂಲಿನಲ್ಲಿ ಎಳೆಯಿಂದ ಎಳೆಗೆ ಭೇದವಿರುವುದರಿಂದ, ಬಟ್ಟೆ ಎಲ್ಲಿ ಹಿಗ್ಗೀತು, ಎಲ್ಲಿ ಸೆಳೆದೀತು ಎಂಬುದನ್ನು ಬೆರಳು ಪ್ರತಿಸಲವೂ ಹೊಸದಾಗಿ ಅರಿಯಬೇಕಾಗುತ್ತದೆ. ನೋಡುವವರಿಗೆ ಒಂದೇ ಎನಿಸುವ ನೂರು ಹೊಲಿಗೆಗಳು ಹೊಲಿಯುವವಳಿಗೆ ನೂರು ನಿರ್ಣಯಗಳು.

ಆದರೆ ಈ ಸಾರ್ಥಕತೆಯನ್ನು ಕೂಲಿಯ ಬದಲಿಗೆ ಮುಂದಿಡುವುದು ಅನ್ಯಾಯ. ನೂಲುವವಳ ಗಳಿಕೆಯನ್ನು ಇಂದಿಗೂ ಲಡಿಗಳ ಮೇಲೆ ಎಣಿಸುವರು. ದೇಶಾಭಿಮಾನದಿಂದ ಮನೆಯ ಜೋಳದ ಚೀಲ ತುಂಬುವುದಿಲ್ಲ. ಧ್ವಜಸಂಹಿತೆಗೆ 2021ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯು ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿಯಿತ್ತಾಗ ಸಂಘವು ಪ್ರತಿಭಟಿಸಿದ್ದು ಈ ಕಾರಣದಿಂದಲೇ. ಆಗಸ್ಟ್ ಮತ್ತು ಜನವರಿಗಳ ಮುನ್ನ ಬಿಡುವಿಲ್ಲದಷ್ಟು ಬೇಡಿಕೆ, ಅನಂತರ ಇಳಿಮುಖ ಎಂಬ ಈ ಏರುಪೇರು ತಪ್ಪಬೇಕಾದರೆ ಸರಕಾರಿ ಕಚೇರಿಗಳೂ ಶಾಲೆಗಳೂ ಖಾದಿಯ ಧ್ವಜಗಳನ್ನೇ ವರ್ಷದುದ್ದಕ್ಕೂ ಹಂಚಿಕೊಂಡು ಕೊಳ್ಳುವಂತಾಗಬೇಕು. ಅದಕ್ಕೆ ಬೇಕಾದುದು ಒಂದು ಆದೇಶ ಮತ್ತು ಸಕಾಲದ ಹಣ ಪಾವತಿ.